ತಳದಲ್ಲಿ ಮೇಯುವ ಮೀನು

ಇವತ್ತು ಸೇಡಂ ಸಂತೆಯಲ್ಲಿ ಮೀನು ಮಾರುವವಳು ಒಂದು ದೊಡ್ಡ ಮೀನಿನ ಹೊಟ್ಟೆ ಸೀಳಿದಳು. ಹಸಿ ಕೆಸರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈಚೀಲ ಹಿಡಿದು ಹೆಂಡತಿಯ ಹಿಂದೆ ನಿಂತಿದ್ದ ನಾನು ನಲವತ್ತು ವರ್ಷ ಹಿಂದಕ್ಕೆ, ಚಂದ್ರಂಪಳ್ಳಿ ಜಲಾಶಯದ ದಂಡೆಗೆ ಹೋಗಿಬಿಟ್ಟೆ.

ಆಗ ಮೀನುಗಾರಿಕೆ ಇಲಾಖೆಯಲ್ಲಿ ನನಗೆ ಸಿಕ್ಕಿದ್ದು ವಿಚಿತ್ರ ನೌಕರಿ. ಮೀನುಗಳು ಯಾವ ಹೊತ್ತಿಗೆ ಏನು ತಿನ್ನುತ್ತವೆಂದು ಬರೆದಿಡುವುದು. ಮುಂಜಾನೆ, ಮಧ್ಯಾಹ್ನ, ಸಂಜೆ ಬಲೆ ಎಳೆಸಿ ನಾಲ್ಕಾರು ಹೊಟ್ಟೆ ಸೀಳಿ ನೋಡಬೇಕು. ನನ್ನ ಊಟಕ್ಕೆ ಹೊತ್ತುಗೊತ್ತಿಲ್ಲ, ಮೀನಿನ ಊಟ ಮಾತ್ರ ತಪ್ಪದೆ ದಾಖಲು! ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೆಸರು ಕೆದಕುತ್ತದೆ. ಬೆಳಗು ಸಂಜೆ ಹೊಟ್ಟೆ ತುಂಬಿರುತ್ತದೆ, ನಡುಮಧ್ಯಾಹ್ನ ಬಹುತೇಕ ಖಾಲಿ. ಇಷ್ಟು ತಿಳಿದದ್ದಕ್ಕೇ ನನಗೆ ಕೋಡು ಮೂಡಿತ್ತು.

ದಂಡೆಯ ಗುಡಿಸಲಿನ ಕಾಶಮ್ಮ ಮೂರು ಹೊತ್ತೂ ಬಂದು ಎದುರಿಗೆ ಕೂರುತ್ತಿದ್ದಳು. ನಗುವಿಲ್ಲ, ಕಣ್ಣು ನನ್ನ ಚಾಕುವಿನ ಮೇಲೆ. ಓದುಬರಹ ಬಾರದವಳಿಗೂ ನನ್ನ ವಿದ್ಯೆ ಹಿಡಿಸಿತಲ್ಲ ಎಂದು ಉಬ್ಬಿ ಅವಳಿಗೆ ಪಾಠ ಹೇಳುತ್ತಿದ್ದೆ.

“ತಳದಾಗ ಮೇಯೋ ಮೀನ ಮೊದಲ ಸೀಳ್ರಿ, ಸಾಹೇಬ್ರ,” ಎನ್ನುತ್ತಿದ್ದಳು. ಹೊಟ್ಟೆಯ ಕೆಸರನ್ನು ಅಂಗೈಗೆ ಸುರಿದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಿನಿಂದ ಹರಡಿ ನೋಡುತ್ತಿದ್ದಳು.

ಒಂದು ಸಂಜೆ ಕೇಳಿಯೇಬಿಟ್ಟಳು. “ಇಷ್ಟು ಹೊಟ್ಟಿ ಸೀಳೀರಿ. ನಮ್ಮ ಮನಿಯವರದು ಏನೂ ಸಿಕ್ಕಿಲ್ಲೇನ್ರಿ? ಹ್ವಾದ ಮಳಿಗಾಲದಾಗ ತೆಪ್ಪ ಮಗಚಿತು. ಹೆಣ ಸಿಗಲಿಲ್ಲ. ಮೀನ ತಿಂದಾವ ಅಂತಾರ ಮಂದಿ. ಏನರ ಒಂದು ಸಿಕ್ಕರ ಮಣ್ಣ ಮಾಡಿ ಸುಮ್ನಾಗ್ತೀನ್ರಿ.”

ಸೀಳಿ ಉಳಿದ ಮೀನನ್ನು ದಿನಾ ಸಾರು ಮಾಡಿ ಉಂಡವನು ನಾನು. ಅಂದು ಊಟ ಸೇರಲಿಲ್ಲ.

ಅವಳ ಸಂಕಟ ನೋಡಲಾಗಲಿಲ್ಲ. ಮರುದಿನ ನನ್ನ ಅಂಗಿಯ ತೋಳಿನ ಗುಂಡಿ ಕಿತ್ತು, ಕೆಸರು ಮೆತ್ತಿ, ಮೃಗಾಲಿನ ಹೊಟ್ಟೆಯಲ್ಲಿ ಸಿಕ್ಕಿತೆಂದು ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದಳು.

“ನಮ್ಮವರು ಹಾಕ್ತಿದ್ದದ್ದು ಕಸಿ ಕಟ್ಟೋ ಅಂಗಿರಿ. ಗುಂಡಿ ಇರಲಿಲ್ಲ.”

ಅವಳು ನೀರಿನ ಕಡೆ ತಿರುಗಿದಳು.

“ಅಂದ್ರ ಒಳಗ ಇನ್ನೊಬ್ಬರು ಅದಾರ. ಅವರ ಮನ್ಯಾಗೂ ಯಾರರ ದಾರಿ ಕಾಯಾಕತ್ತಿರ್ತಾರ. ಇವರಿಗರ ಮಣ್ಣ ಆಗ್ಲಿ.”

ನಿಜ ಹೇಳಬಹುದಿತ್ತು. ಹೇಳುವ ಧೈರ್ಯ ಬರಲಿಲ್ಲ. ಅವಳು ದಂಡೆಯಲ್ಲಿ ತಗ್ಗು ತೋಡಿ, ಗುಂಡಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿ ಇಟ್ಟಳು. “ಹಿಡಿ ಮಣ್ಣ ಹಾಕ್ರಿ, ಸಾಹೇಬ್ರ,” ಎಂದಳು. ಹಾಕಿದೆ. ಮರುದಿನ ಮುಂಜಾನೆ ಮತ್ತೆ ಬಂದು ನನ್ನ ಎದುರಿಗೆ ಕೂತಳು. ನನಗೆ ವರ್ಗವಾಗುವವರೆಗೂ ಅವಳು ಹುಡುಕುತ್ತಿದ್ದದ್ದು ಸಿಗಲಿಲ್ಲ.

ಯಾರಿಗೂ ಹೇಳದ ಈ ಮಾತನ್ನು ಇವತ್ತು ಸಂತೆಯ ನಡುವೆ ನಿಂತು ಹೆಂಡತಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

“ನಿಮ್ಮ ಅಂಗಿ ಗುಂಡಿಗೆ ಮಣ್ಣ ಮಾಡಿ ಅತ್ತಳೇನ್ರಿ ಆಕಿ?” ಎಂದಳು.

“ಹೂಂ, ಭಾಳ ಅತ್ತಳು.”

ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.