ಹುಳದ ಮನೆಯ ಹೊಸ್ತಿಲು ದಾಟದ ಕಾವೇರಮ್ಮ

ಬೆಳಗಿನ ಆರೂಕಾಲು. ತಿಪ್ಪಸಂದ್ರದಿಂದ ಎರಡು ಮೈಲಿ ಆಚೆ, ಹಿಪ್ಪುನೇರಳೆ ತೋಟದ ನಡುವೆ ಒಂದು ಮನೆ. ಅಂಗಳದ ಒಗೆಯುವ ಕಲ್ಲಿನ ಪಕ್ಕ ಹೆಂಗಸೊಬ್ಬರು ಕೈಕಟ್ಟಿ ನಿಂತಿದ್ದಾರೆ. ಮುಡಿಯಲ್ಲಿ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ, ಮೈಗೆ ಸೋಪನ್ನೂ ಸೋಕಿಸದೆ ಬರೀ ನೀರು ಹುಯ್ದುಕೊಂಡು ಮೊದಲ ಬಸ್ಸಿಗೆ ಬಂದವರು. ಬಾಗಿಲಲ್ಲಿ ನಿಂತ ಶಿವಲಿಂಗಮ್ಮ ಎಂಬ ಗೃಹಿಣಿ ಮೂರನೇ ಸಲ ಕರೆಯುತ್ತಾರೆ.

"ಒಳಕ್ಕೆ ಬನ್ನಿ ಮೇಡಮ್ಮೋರೇ, ಒಸಿ ಕಾಫಿ ಕುಡೀರಿ."

"ಬೇಡ ಕಣಮ್ಮ, ಇಲ್ಲೇ ಚೆನ್ನಾಗಿದೀನಿ. ಹುಳ ಎಷ್ಟನೇ ಜ್ವರ?"

"ನಾಲ್ಕನೇ ಜ್ವರ ಎದ್ದು ನಾಕು ದಿನ ಆತು. ಅದ್ಕೇ ಕಣವ್ವ ಮಗೀನ ಮನೇಲಿ ಇರುಸ್ಕಂಡಿರಾದು. ಅವಳಿಲ್ದೆ ಸೊಪ್ಪು ಕುಯ್ದು ಪೂರೈಸಕ್ಕಾಗಕಿಲ್ಲ."

"ಹಂಗಾದ್ರೆ ಇನ್ನೂ ನಾಲ್ಕು ದಿನ ಇರ್ಲಿ. ಹಣ್ಣಾದ ಹುಳಾನ ಗೂಡು ಕಟ್ಟೋಕೆ ಚಂದ್ರಂಕಿಗೆ ಬಿಟ್ಟ ಮಾರನೇ ದಿನ ಬಸ್ಸು ಹತ್ತಿಸಿ. ಹಾಜರಿ ವಿಷಯ ನಾನು ಮಾತಾಡ್ತೀನಿ. ಮಾತು ಕೊಡಿ, ಹೊರಡ್ತೀನಿ."

ಮಾತು ಸಿಗುತ್ತದೆ. ಕಾಫಿ ಅಂಗಳಕ್ಕೇ ಬರುತ್ತದೆ. ನಿಂತುಕೊಂಡೇ ಕುಡಿದು, ಲೋಟವನ್ನು ಕಲ್ಲಿನ ಮೇಲಿಟ್ಟು, ಕಾವೇರಮ್ಮ ಏಳೂವರೆಯ ಬಸ್ಸಿಗೆ ನಡೆಯತೊಡಗುತ್ತಾರೆ.

ಈ ಸೀಮೆಯ ವಿಶ್ವವಿದ್ಯಾಲಯವೊಂದರಲ್ಲಿ ಹೊಸ ವಿದ್ಯಾರ್ಥಿಗಳ ಮಾರ್ಗದರ್ಶಕಿ ಅವರು. ಹನ್ನೊಂದು ತಿಂಗಳಿಗೊಮ್ಮೆ ನವೀಕರಣವಾಗುವ ಗುತ್ತಿಗೆ ಕೆಲಸ. ಜುಲೈ ಬಂತೆಂದರೆ ಒಂದು ವಾರ ಅವರದೇ ರಾಜ್ಯಭಾರ. ಗ್ರಂಥಾಲಯದ ಕಾರ್ಡು ಎಲ್ಲಿ ಸಿಗುತ್ತದೆ, ಸೆಮಿಸ್ಟರ್ ಎಂದರೇನು, ಹುಡುಗಿಯರ ಶೌಚಾಲಯ ಯಾವ ಕಡೆ, ಮೇಷ್ಟರ ಇಂಗ್ಲಿಷು ತಲೆಗೆ ಹತ್ತದಿದ್ದರೆ ಯಾರ ಬಳಿ ಅಳಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಈ ವರ್ಷ ಬಂದವರು ಮುನ್ನೂರ ಎಂಬತ್ತಾರು ಮಂದಿ. ಹೆಸರು, ಊರು ಬರೆದುಕೊಂಡ ಮೇಲೆ ಅವರು ಕೇಳುವ ಮೂರನೇ ಪ್ರಶ್ನೆ ಬೇರೆ ಯಾವ ವಿಶ್ವವಿದ್ಯಾಲಯದಲ್ಲೂ ಕೇಳಿಬರಲಾರದು: "ಮನೇಲಿ ಹುಳ ಸಾಕ್ತೀರಾ?"

ರೇಷ್ಮೆ ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದನ್ನು ಇಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬಕಾಸುರನ ಹಸಿವು. ಆ ಒಂದು ವಾರ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಹಾಗೆ ಒಂದು ವಾರಕ್ಕೆಂದು ಮನೆಯಲ್ಲಿ ನಿಂತ ಹುಡುಗಿ ಎರಡನೇ ವಾರ ಸಂಕೋಚಕ್ಕೆ ಬರುವುದಿಲ್ಲ, ಮೂರನೇ ವಾರ ಪಾಠ ತಪ್ಪಿತೆಂಬ ಹೆದರಿಕೆಗೆ ಬರುವುದಿಲ್ಲ, ಆಮೇಲೆ ಬರುವುದೇ ಇಲ್ಲ. ಈ ಸಲ ಹೀಗೆ ನಿಂತವರು ಇಪ್ಪತ್ತೊಂಬತ್ತು ಮಂದಿ. ಕಾವೇರಮ್ಮ ಒಬ್ಬೊಬ್ಬರ ಮನೆಗೂ ಹೋಗಿ ಇಪ್ಪತ್ತನಾಲ್ಕು ಮಂದಿಯನ್ನು ವಾಪಸು ತಂದಿದ್ದಾರೆ. ಮನೆಗೆ ಎಂದರೆ ಅಂಗಳಕ್ಕೆ ಎಂದೇ ಅರ್ಥ. ಹನ್ನೊಂದು ವರ್ಷದಿಂದ ಅವರು ಹುಳವಿರುವ ಮನೆಯ ಹೊಸ್ತಿಲು ತುಳಿದಿಲ್ಲ.

ಅದಕ್ಕೊಂದು ಕಾರಣವಿದೆ.

ಕಾವೇರಮ್ಮ ಕನಕಪುರ ಪೇಟೆಯವರು, ಅಂಚೆಯವರ ಮಗಳು. ರೇಷ್ಮೆ ಸೀರೆ ಗೊತ್ತು, ರೇಷ್ಮೆ ಹುಳ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಕ್ಕೂರಿನ ಬೋರಲಿಂಗಯ್ಯನವರ ಮಗಳು ಜಯಶೀಲ ಮೂರು ವಾರ ತರಗತಿಗೆ ಬರದಿದ್ದಾಗ ಹುಡುಕಿಕೊಂಡು ಹೋದರು. ಹುಳದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಹೊರಗಿನವರನ್ನು ಒಳಕ್ಕೆ ಬಿಡುವುದಿಲ್ಲ. ಆದರೆ ಯೂನಿವರ್ಸಿಟಿ ಮೇಡಂ ಬಂದಿದ್ದಾರಲ್ಲ, ಬೇಡ ಎನ್ನುವುದು ಹೇಗೆ? ಪಡಸಾಲೆಗೆ ಚಾಪೆ ಹಾಸಿದರು. ಹುಳ ಸೊಪ್ಪು ಮೇಯುವ ಸದ್ದು ಸೋಗೆ ಮೇಲೆ ಹನಿ ಬಿದ್ದಂತೆ ಕೇಳುತ್ತಿತ್ತು. ಕಾವೇರಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಎದ್ದು ಹೋಗಿ ಒಂದು ಹಿಡಿ ಸೊಪ್ಪನ್ನು ತಾವೇ ಹುಳದ ತಟ್ಟೆಗೆ ಹಾಕಿದರು.

ಅದು ಡೆಂಗೆ ಕಾಲ. ಬಸ್ಸಿನಲ್ಲಿ ಬರುವಾಗ ಎರಡೂ ಕೈಗೆ ಸೊಳ್ಳೆ ಮುಲಾಮು ಬಳಿದುಕೊಂಡಿದ್ದರು.

ಮೂರನೇ ದಿನ ಅಷ್ಟೂ ತಟ್ಟೆಯ ಹುಳ ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು. ಗೂಡು ಕಟ್ಟಲು ಇನ್ನೆರಡೇ ದಿನವಿತ್ತು. ನೋಡಲು ಬಂದ ತಿಳಿದವರೊಬ್ಬರು "ಯಾವುದೋ ಔಷಧಿ ಸೋಕಿದೆ, ಹೊರಗಿನವರು ಯಾರು ಬಂದಿದ್ದರು?" ಎಂದರು. ಊರಿಗೆ ಊರೇ ಒಂದು ಹೆಸರು ಹೇಳಿತು.

ಅದರ ಮಾರನೆಯ ದಿನ ಬೋರಲಿಂಗಯ್ಯ ಮಗಳನ್ನು ಪುಸ್ತಕದ ಚೀಲದ ಸಮೇತ ಕರೆತಂದು ಕಾವೇರಮ್ಮನ ಮೇಜಿನ ಮುಂದೆ ನಿಲ್ಲಿಸಿದರು. ಆ ಮಾತು ಕಾವೇರಮ್ಮನಿಗೆ ಇವತ್ತಿಗೂ ಬಾಯಿಪಾಠ. "ಕರ್ಕಳಿ ತಾಯಿ. ಇನ್ನು ಮನೇಲಿ ಏನ್ ಕೆಲ್ಸ ಐತೆ ಇವಳ್ಗೆ? ಹುಳ ಇಲ್ಲ, ಸೊಪ್ಪು ಕುಯ್ಯಂಗಿಲ್ಲ. ನೀವು ಬಂದಿದ್ದು ಇದ್ಕೇ ಅಲ್ವರಾ? ಗೆದ್ಬುಟ್ರಿ."

"ಕಾಲಿಗೆ ಬೀಳೋಕೆ ಹೋದೆ, ಹಿಂದಕ್ಕೆ ಸರಿದುಬಿಟ್ರು" ಎನ್ನುತ್ತಾರೆ ಕಾವೇರಮ್ಮ. "ನಾನು ಬೇಡಿದ್ದೂ ಅದನ್ನೇ, ಹುಡುಗಿ ಓದಲಿ ಅಂತ. ಸಿಕ್ಕಿದ್ದು ಹಿಂಗೆ. ಅವಳು ರ್‍ಯಾಂಕ್ ಬಂದ ದಿನವೂ ನಂಗೆ ಊಟ ಸೇರಲಿಲ್ಲ."

ಅಂದಿನಿಂದ ಅಂಗಳವೇ ಗತಿ. ಹೂವು ಬಿಟ್ಟರು, ಪೌಡರು ಬಿಟ್ಟರು, ಹುಳದ ಕೆಲಸವನ್ನು ಮಾತ್ರ ಮಗ್ಗಿಯಂತೆ ಕಲಿತರು. ತಪ್ಪು ಮಾಡಿದ ಪೇಟೆ ಹೆಂಗಸು ನಾಲ್ಕು ತಾಲ್ಲೂಕಿನ ಹುಳದ ಲೆಕ್ಕ ಹಿಡಿದು ಮಕ್ಕಳ ಹಾಜರಿ ಉಳಿಸುವ ಮೇಡಂ ಆದರು. ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಜಯಶೀಲ ಈಗ ಮಾಗಡಿಯ ಕಡೆ ಕಾಲೇಜೊಂದರಲ್ಲಿ ಉಪನ್ಯಾಸಕಿ. ಈ ಜುಲೈನಲ್ಲಿ ಹೊಸ ಮಕ್ಕಳಿಗೆ ನಾಲ್ಕು ಮಾತು ಹೇಳಲೆಂದು ಕಾವೇರಮ್ಮನೇ ಅವಳನ್ನು ಕರೆಸಿದ್ದರು. ಸಭೆ ಮುಗಿಯಿತು. ಹುಳವಿರುವ ಮನೆಯೊಳಕ್ಕೆ ಮೇಡಂ ಯಾಕೆ ಹೋಗುವುದಿಲ್ಲವೆಂದು ಹುಡುಗಿಯೊಬ್ಬಳು ಕೇಳಿದಳು. ಕಾವೇರಮ್ಮ ಏನನ್ನೂ ಮುಚ್ಚಿಡದೆ ಎಲ್ಲರೆದುರು ಅಕ್ಕೂರಿನ ಕತೆ ಹೇಳಿದರು. ಮಕ್ಕಳು ಹೊರಟ ಮೇಲೆ ಜಯಶೀಲ ಎದ್ದು ಬಂದು ಬಾಗಿಲು ಹಾಕಿಕೊಂಡಳು.

"ಮೇಡಂ, ಅವತ್ತು ನೀವು ಆ ಮುಲಾಮಿನ ಟ್ಯೂಬನ್ನ ಚಾಪೆ ಮೇಲೆ ಮರೆತು ಹೋಗಿದ್ರಿ. ನೀವು ಸೊಪ್ಪು ಹಾಕಿದ ತಟ್ಟೇಲಿ ಸಾಯಂಕಾಲ ಹತ್ತಾರು ಹುಳ ಒದ್ದಾಡ್ತಿದ್ವು, ಅಷ್ಟೇ. ಅದನ್ನ ನಾನೊಬ್ಬಳೇ ನೋಡ್ದೆ. ಬೆಳಿಗ್ಗೆ ಎದ್ದು ಟ್ಯೂಬನ್ನೆಲ್ಲಾ ಹಿಂಡಿ, ಗೋಣಿ ಕೆಳಗಿದ್ದ ಸೊಪ್ಪಿಗೆ ಸವರಿದೆ. ಒಂದೆರಡು ತಟ್ಟೆ ಹೋದ್ರೆ ಅಪ್ಪ ಬೇಸತ್ತು ನನ್ನನ್ನ ಕಳಿಸ್ತಾರೆ ಅಂದ್ಕೊಂಡೆ. ಅಜ್ಜಿ ಆ ಸೊಪ್ಪನ್ನ ಎಲ್ಲಾ ತಟ್ಟೆಗೂ ಹಂಚಿಬಿಟ್ರು."

ಆ ಗಳಿಗೆಯನ್ನು ಕಾವೇರಮ್ಮ ಈಗ ಹೀಗೆ ನೆನೆಯುತ್ತಾರೆ: "ಕೆನ್ನೆಗೆ ಎರಡು ಬಿಡೋಣ ಅನ್ನಿಸ್ತು. ಹನ್ನೊಂದು ವರ್ಷ ಕಣ್ರೀ! ಆಮೇಲೆ ಇನ್ನೊಂದು ಯೋಚನೆ ಬಂತು. ಹತ್ತೊಂಬತ್ತು ವರ್ಷದ ಮಗು, ತಾನೇ ಸಾಕಿದ ಹುಳಾನ ತಾನೇ ಕೊಲ್ಲಬೇಕಾದ್ರೆ ಓದು ಎಷ್ಟು ಬೇಕಾಗಿತ್ತು ಅವಳಿಗೆ? ನಾನು ಮೂರು ವಾರ ಸುಮ್ಮನಿದ್ದೆ. ಮೊದಲನೇ ವಾರವೇ ಹೋಗಬೇಕಿತ್ತು." ಈಗ ಹುಡುಗಿಯೊಬ್ಬಳು ಮೂರು ದಿನ ಕಾಣದಿದ್ದರೆ ನಾಲ್ಕನೇ ದಿನ ಅವರು ಬಸ್ಸಿನಲ್ಲಿರುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದಾಗ ಜಯಶೀಲ ತಡಮಾಡದೆ ಹೇಳುತ್ತಾಳೆ: "ಬರೀರಿ. ಅಪ್ಪನಿಗೆ ನಾನೇ ಹೇಳಿದೀನಿ." ಅಕ್ಕೂರಿಗೆ ಹೋಗಿ ಹೇಳಿದಳಂತೆ. ಎಪ್ಪತ್ತರ ಅಂಚಿನ ಬೋರಲಿಂಗಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟುಹೋದರಂತೆ. ಎರಡು ತಿಂಗಳಾಯಿತು, ಮಗಳ ಫೋನು ಎತ್ತಿಲ್ಲ.

ಆದರೆ ಕಾವೇರಮ್ಮನಿಗೆ ಫೋನು ಮಾಡಿದ್ದಾರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. "ತಪ್ಪಾಯ್ತು ಮೇಡಮ್ಮೋರೇ. ಊರ ತುಂಬಾ ನಿಮ್ಮನ್ನ ಬೋದ್ಕಂಡು ತಿರುಗ್ದೆ. ಭಾನುವಾರ ಬನ್ನಿ, ಹುಳ ನಾಲ್ಕನೇ ಜ್ವರ ಎದ್ದಿರ್ತವೆ. ಒಳಕ್ಕೇ ಬನ್ನಿ, ನಿಮ್ಮ ಕೈಯಾರೆ ಸೊಪ್ಪು ಹಾಕಿ. ಅವಳ್ನ ಮಾತ್ರ ಕರ್ಕಬರಬ್ಯಾಡಿ. ಆ ಹೊಸ್ತಿಲು ಇನ್ನು ಅವಳ್ದಲ್ಲ."

ಆ ಮನೆಯ ಹೊಸ್ತಿಲು ದಾಟಿ ಹುಳ ಮೇಯುವ ಸದ್ದನ್ನು ಇನ್ನೊಂದು ಸಲ ಕೇಳಬೇಕೆಂಬುದು ಕಾವೇರಮ್ಮನ ಹಳೆಯ ಆಸೆ. ಅದೀಗ ತಾನಾಗಿಯೇ ಮನೆ ಬಾಗಿಲಿಗೆ ಬಂದಿದೆ. ಅವರಿಗೆ ಮಾತ್ರ ಹಿಗ್ಗಿಲ್ಲ. ಚೀಲದಲ್ಲಿ ಭಾನುವಾರದ ಬಸ್ಸಿನ ಎರಡು ಟಿಕೆಟ್ಟಿಗೆ ಆಗುವಷ್ಟು ಚಿಲ್ಲರೆ ಎತ್ತಿಟ್ಟಿದ್ದಾರೆ. ಎರಡು ಯಾಕೆ ಎಂದರೆ ನಗುತ್ತಾರೆ.

"ಇಷ್ಟು ವರ್ಷ ಮನೆಯಿಂದ ಕಾಲೇಜಿಗೆ ಮಕ್ಕಳನ್ನ ಕರ್ಕೊಂಡು ಬಂದೆ. ಈ ಸಲ ಒಬ್ಬಳನ್ನ ಮನೆಗೆ ಸೇರಿಸಿದ್ರೆ ಸಾಕು. ಅವಳನ್ನ ಒಳಕ್ಕೆ ಕರೆಯೋವರೆಗೂ ಇಬ್ಬರೂ ಅಂಗಳದಲ್ಲೇ ಇರ್ತೀವಿ. ನಿಂತು ಅಭ್ಯಾಸ ಇದೆ ನಂಗೆ."