ಉಪ್ಪು ಹಾಕಿದ್ದು ಯಾರು

ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಪಂಕ್ತಿ ಕೂತ ಮೇಲೆ, ಅಂದು ಸಾರಿಗೆ ಉಪ್ಪು ಹಾಕಿದ ಹುಡುಗ ಎದ್ದು ನಿಂತು ‘ಉಪ್ಪು ಹಾಕಿದ್ದು ನಾನು’ ಎನ್ನಬೇಕಿತ್ತು. ಶಿಕ್ಷೆಯೇನೂ ಇರಲಿಲ್ಲ. ನಿಲ್ಲಬೇಕು, ಅಷ್ಟೆ. ನಿಲ್ಲಬೇಕೆಂದು ಗೊತ್ತಿದ್ದವನು ರುಚಿ ನೋಡಿಯೇ ಹಾಕುತ್ತಿದ್ದ.

ಹೋದ ವರ್ಷ ಒಂದು ಬೆಳಗ್ಗೆ ನನ್ನ ಹೆಂಡತಿಗೆ ಬಲಗಣ್ಣಿನ ಮುಂದೆ ಕಪ್ಪು ಪರದೆ ಎಳೆದಂತಾಯಿತು. ಗುಬ್ಬಿಯಲ್ಲಿ ನಮ್ಮ ಮನೆಯ ಹತ್ತಿರ ಹೊಸದಾಗಿ ಒಂದು ಕ್ಲಿನಿಕ್ ತೆರೆದಿತ್ತು. ಅಲ್ಲಿ ಡಾಕ್ಟರ್ ಇರುವುದಿಲ್ಲ. ಒಬ್ಬ ಹುಡುಗಿ ಕಣ್ಣಿನ ಒಳಗಿನ ಫೋಟೋ ತೆಗೆಯುತ್ತಾಳೆ, ಕಂಪ್ಯೂಟರ್ ಅದನ್ನು ಪರೀಕ್ಷಿಸುತ್ತದೆ, ತುಮಕೂರಿನ ಆಸ್ಪತ್ರೆಯಿಂದ ಕಣ್ಣಿನ ಡಾಕ್ಟರು ಟೀವಿಯಲ್ಲಿ ಕಾಣಿಸಿಕೊಂಡು ಔಷಧಿ ಹೇಳುತ್ತಾರೆ. ಮೊದಲು ಒಪ್ಪಿಗೆಗೆಂದು ನನ್ನ ಹೆಂಡತಿಯ ಹೆಬ್ಬೆರಳು ಒತ್ತಿಸಿಕೊಂಡರು. ಆಮೇಲೆ ಫೋಟೋ.

‘ನಾರ್ಮಲ್ ಅಂತ ಬಂದೈತೆ ಅಜ್ಜಿ,’ ಎಂದಳು ಹುಡುಗಿ.

‘ಈ ಕಣ್ಣಿಗೆ ನಿನ್ನ ಅರ್ಧ ಮುಖಾನೇ ಕಾಣ್ತಿಲ್ವಲ್ಲವ್ವ.’

‘ನಾರ್ಮಲ್ ಅಂದಿದ್ದು ಯಾರಮ್ಮ?’ ನಾನು ಕೇಳಿದೆ.

‘ಎಐ ಸಾರ್.’

‘ತಪ್ಪಾಗಿದ್ರೆ ಯಾರನ್ನ ಕೇಳ್ಬೇಕು?’

‘ಕಂಪನಿಯೋರ್ನ.’

‘ಅವರೇನಂತಾರೆ?’

‘ಡಾಕ್ಟ್ರನ್ನ ಕೇಳಿ ಅಂತಾರೆ ಸಾರ್.’

ಡಾಕ್ಟರು ಟೀವಿಯಲ್ಲಿ ಬಂದು, ಕಣ್ಣಿಗೆ ಡ್ರಾಪ್ಸ್ ಬಿಡಲು ಹೇಳಿದರು. ಫೋಟೋ ನೋಡಿದಿರಾ ಎಂದೆ.

‘ರಿಪೋರ್ಟ್ ನೋಡಿದೀನಿ ಯಜಮಾನ್ರೆ. ಫೋಟೋ ನೋಡೋದು ಸಿಸ್ಟಮ್ ಕೆಲಸ.’

ಅಂದರೆ ಇಡೀ ವ್ಯವಹಾರಕ್ಕೆ ಬೆರಳೊತ್ತಿ ಹೊಣೆ ಹೊತ್ತವಳು ಅರ್ಧ ಕಣ್ಣು ಕಾಣದ ನನ್ನ ಹೆಂಡತಿ ಒಬ್ಬಳೇ. ನಾನು ಡಾಕ್ಟರಿಗೆ ಹಾಸ್ಟೆಲಿನ ಉಪ್ಪಿನ ವಿಷಯ ವಿವರಿಸಿದೆ. ‘ನಾರ್ಮಲ್ ಅಂದಿದ್ದು ನಾನು ಅಂತ ಒಂದು ಮಾತು ಹೇಳಿ. ಎದ್ದು ಹೋಗ್ತೀವಿ.’

‘ಹೇಳ್ಬುಡಿ ಡಾಕ್ಟ್ರೇ, ನಂಗೆ ಕುಣಿಗಲ್ ಬಸ್ಸೈತೆ,’ ಎಂದರು ಹಿಂದೆ ಕಾಯುತ್ತಿದ್ದವರೊಬ್ಬರು.

ಡಾಕ್ಟರು ಹೇಳಲಿಲ್ಲ. ಫೋಟೋ ತರಿಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದರು.

‘ಇದ್ರಲ್ಲಿ ಅರ್ಧ ಕಣ್ಣು ಬಂದೇ ಇಲ್ಲ.’

‘ಬಂದಿರೋ ಅರ್ಧ?’

‘ಅದು ನಾರ್ಮಲ್ಲೇ.’ ಕನ್ನಡಕ ತೆಗೆದು, ‘ಈಗ್ಲೇ ತುಮಕೂರಿಗೆ ಕರ್ಕೊಂಡ್ಬನ್ನಿ,’ ಎಂದರು.

ಕಣ್ಣಿನ ಹಿಂಭಾಗದ ಪೊರೆ ಕಳಚಿಕೊಳ್ಳುತ್ತಿತ್ತು. ಮಾರನೆಯ ದಿನ ಅವರೇ ಆಪರೇಷನ್ ಮಾಡಿದರು. ತಿಂಗಳಾದ ಮೇಲೆ ತಪಾಸಣೆಗೆ ಹೋದಾಗ ಕುರ್ಚಿಯಿಂದ ಎದ್ದು ನಿಂತು, ‘ಈ ಕಣ್ಣು ನೋಡಿದ್ದು ನಾನು ಯಜಮಾನ್ರೆ,’ ಎಂದರು.

ನನ್ನ ಹೆಂಡತಿ ಎಡಗಣ್ಣು ಮುಚ್ಚಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

‘ಮಂಜುಮಂಜಾಗಿದೀರ. ಆದ್ರೆ ಪೂರ್ತಿ ಕಾಣ್ತಿದೀರ. ಕೂತ್ಕಳಿ.’