ಮೊಣಕಾಲಿಗೆ ಬಾಮು ಹಚ್ಚದ ಡಿಫೆಂಡರ್

ಬೆಳಗಿನ ಐದೂಕಾಲು. ಬಯಲುಸೀಮೆಯ ರತ್ನಗಿರಿಯ ಕೋಟೆ ಬೆಟ್ಟ ಇನ್ನೂ ಕಪ್ಪಗೆ ಕೂತಿದೆ. ಅದರ ಬುಡದ ಹಿಪ್ಪುನೇರಳೆ ತೋಟದಲ್ಲಿ ಕುಡುಗೋಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶ್ರಾವಣಿ ರೇಷ್ಮೆಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಹೊರೆ ತಲೆಗೇರುತ್ತದೆ. ಕಾಲಲ್ಲಿ ಹವಾಯಿ ಚಪ್ಪಲಿ, ಬಲ ಮೊಣಕಾಲಿಗೆ ಬಿಗಿಯಾದ ಕಪ್ಪು ಪಟ್ಟಿ.

ಬದುವಿನ ಮೇಲೆ ಹೀಗೆ ನಡೆದು ಬರುವ ಇಪ್ಪತ್ತೊಂಬತ್ತರ ಈ ಹೆಣ್ಣುಮಗಳು ಹನ್ನೆರಡು ವರ್ಷದಿಂದ ವೃತ್ತಿಪರ ಫುಟ್‌ಬಾಲ್ ಆಟಗಾರ್ತಿ ಎಂದು ಯಾರಿಗೂ ಹೊಳೆಯಲಿಕ್ಕಿಲ್ಲ. ನನಗಂತೂ ಹೊಳೆಯಲಿಲ್ಲ. ಇವರನ್ನೇ ನಿಲ್ಲಿಸಿ, "ಇಲ್ಲಿ ಫುಟ್‌ಬಾಲ್ ಆಡೋ ಶ್ರಾವಣಿ ಅವರ ಮನೆ ಯಾವುದಮ್ಮ?" ಎಂದು ಕೇಳಿದ ಬುದ್ಧಿವಂತ ನಾನು. "ನಾನೇ ಸಾರ್. ಬನ್ನಿ, ಮೊದ್ಲು ಹುಳಕ್ಕೆ ಸೊಪ್ಪು ಹಾಕ್ಬಿಡ್ತೀನಿ" ಎಂದು ಅವರು ನಡೆದರು. ತಲೆಯ ಮೇಲೆ ಅಷ್ಟು ಭಾರ ಹೊತ್ತವರ ಹಿಂದೆ ಬರಿಗೈಯಲ್ಲಿ ನಡೆಯುವುದಕ್ಕೇ ನನಗೆ ಏದುಸಿರು ಬಂತು.

ಇವತ್ತು ಶುಕ್ರವಾರ. ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕೇರಳದ ಒಂದು ಕ್ಲಬ್ಬು ಶ್ರಾವಣಿಯವರ ಓಟ ನೋಡಲಿದೆ. ಇಪ್ಪತ್ತು ಮೀಟರ್ ಹೋಗಬೇಕು, ತಿರುಗಿ ಬರಬೇಕು, ಹತ್ತು ಸೆಕೆಂಡು ದಣಿವಾರಿಸಿಕೊಂಡು ಮತ್ತೆ ಓಡಬೇಕು. ಫೋನಿನಲ್ಲಿ ಬೀಪ್ ಸದ್ದು ಬರುತ್ತದೆ, ಬರಬರುತ್ತಾ ಅವಸರ ಮಾಡುತ್ತದೆ. ಮೂವತ್ತು ಸುತ್ತು ಮುಗಿಸಿದರೆ ಹನ್ನೆರಡನೇ ಸೀಸನ್ನಿಗೆ ಕರಾರು ಸಿಗುತ್ತದೆ. ಮುಗಿಸದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯಾದ ಮೊಣಕಾಲಿನ ಡಿಫೆಂಡರನ್ನು ಈ ವಯಸ್ಸಿನಲ್ಲಿ ಇನ್ನೊಂದು ಕ್ಲಬ್ಬು ಕರೆಯುವುದಿಲ್ಲ ಎಂದು ಅವರೇ ಹೇಳುತ್ತಾರೆ.

ಮನೆಯ ಪಕ್ಕದ ಕಣದಲ್ಲಿ ಹಗ್ಗದಿಂದ ಅಳೆದು ಎರಡು ಕಡೆ ಹಳೇ ಚಪ್ಪಲಿ ಇಟ್ಟಿದ್ದಾರೆ. ಆ ತುದಿಗೆ ಫೋನಿನ ಸದ್ದು ಕೇಳಿಸುವುದಿಲ್ಲ. ಹಾಗಾಗಿ ತಾಯಿ ಲಕ್ಷ್ಮಕ್ಕ ಫೋನನ್ನು ಕಿವಿಗಾನಿಸಿಕೊಂಡು ಕೂತು, ಬೀಪ್ ಬಂದಾಗಲೆಲ್ಲ ಸೌಟಿನಿಂದ ಸ್ಟೀಲ್ ತಟ್ಟೆ ಬಾರಿಸುತ್ತಾರೆ. ಠಣ್ ಎಂದರೆ ಮಗಳು ಹೊರಡುತ್ತಾಳೆ, ಠಣ್ ಎಂದರೆ ತಿರುಗುತ್ತಾಳೆ. ಇಪ್ಪತ್ತು ಸುತ್ತಾದ ಮೇಲೆ ತಿರುವಿನಲ್ಲಿ ಬಲಗಾಲು ಊರುವಾಗ ಮುಖ ಕಿವುಚುತ್ತದೆ. ಇಪ್ಪತ್ತೇಳಕ್ಕೆ ನಿಂತರು. ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ಬೆಟ್ಟ ನೋಡಿ, ಸೀದಾ ಹುಳುಮನೆಯ ಕಡೆ ಹೋದರು, ಯಾಕೆಂದರೆ ಸೊಪ್ಪು ಹಾಕುವ ಹೊತ್ತಾಗಿತ್ತು.

ಆಟ ಶುರುವಾದದ್ದು ಇದೇ ತೋಟದಲ್ಲಿ. ಶಾಲೆಯಿಂದ ಬಂದ ಮೇಲೆ ಸೊಪ್ಪಿಗೆ ನುಗ್ಗುವ ಆಡುಗಳನ್ನು ತಡೆಯುವುದು ಅವರ ಕೆಲಸವಾಗಿತ್ತು. "ಆಡಿನ ಕಣ್ಣು ನೋಡಿದ್ರೆ ಮೋಸ ಹೋಗ್ತೀವಿ ಸಾರ್. ಅದು ಅತ್ತ ನೋಡ್ತಾ ಇತ್ತ ನುಗ್ಗುತ್ತೆ. ಮುಂಗಾಲು ನೋಡ್ಬೇಕು. ಫಾರ್ವರ್ಡ್ ಆಡೋರೂ ಹಂಗೇ" ಎನ್ನುತ್ತಾರೆ. ಹೈಸ್ಕೂಲಿನ ವ್ಯಾಯಾಮ ಮೇಷ್ಟ್ರು ತಂಡಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಇವರನ್ನು ಎಳೆದು ನಿಲ್ಲಿಸಿದರು. ಆವತ್ತು ಇವರನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲವಂತೆ.

ಅಲ್ಲಿಂದ ಹನ್ನೊಂದು ಸೀಸನ್, ಆರು ಕ್ಲಬ್ಬು, ನೂರ ಇಪ್ಪತ್ನಾಲ್ಕು ಪಂದ್ಯ. ಗೋಲು ಸೊನ್ನೆ. "ಒಂದು ಹೊಡ್ದಿದೀನಿ ಸಾರ್, ಆದ್ರೆ ನಮ್ಮ ಗೋಲಿಗೇ" ಎಂದು ನಗುತ್ತಾರೆ. ಪತ್ರಿಕೆಗಳು ಗೋಲು ಹೊಡೆದವರ ಫೋಟೊ ಹಾಕುತ್ತವೆ. ಗೋಲು ಆಗದಂತೆ ನೋಡಿಕೊಂಡವರ ಫೋಟೊ ಹೇಗೆ ತೆಗೆಯುವುದೆಂದು ನಮಗಿನ್ನೂ ತಿಳಿದಿಲ್ಲ. ಈ ವಿಷಯದಲ್ಲಿ ಪತ್ರಕರ್ತನಾದ ನನ್ನ ಪಾಲಿನ ತಪ್ಪೂ ಇದೆ.

ಎರಡೂವರೆ ವರ್ಷದ ಹಿಂದೆ ಗೋವಾದ ಮೈದಾನದಲ್ಲಿ ಮೊಣಕಾಲಿನ ಒಳಗಿನ ಕಟ್ಟು, ಅಂದರೆ ಲಿಗಮೆಂಟು, ಹರಿಯಿತು. ಅದೇ ತಂಡದಲ್ಲಿದ್ದ ಪೋಲೆಂಡಿನ ಮಾಗ್ದಾ ಎಂಬ ಹಿರಿಯ ಆಟಗಾರ್ತಿ ಆಸ್ಪತ್ರೆಗೆ ಬಂದು, ತನ್ನ ಎರಡೂ ಮೊಣಕಾಲಿನ ಹೊಲಿಗೆ ಗುರುತು ತೋರಿಸಿದರಂತೆ. ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡೂ ಹದಿನಾರು ವರ್ಷ ಆಡಿದ ಹೆಂಗಸು. ಇಬ್ಬರಿಗೂ ಅರೆಬರೆ ಇಂಗ್ಲಿಷು. "ನಿಧಾನ, ನಿಧಾನ ಅಂತ ಅಷ್ಟೇ ಅಂದ್ರು. ಈ ಪಟ್ಟಿ ಅವ್ರು ಕೊಟ್ಟಿದ್ದೇ" ಎಂದು ಶ್ರಾವಣಿ ಕಾಲು ಮುಂದೆ ಚಾಚುತ್ತಾರೆ. ಆಮೇಲೆ ಆಟವಿಲ್ಲದೆ ಮನೆಯಲ್ಲಿ ಕಳೆದ ಒಂದು ವರ್ಷವನ್ನು ಅವರು ಹೇಳುವುದು ಹೀಗೆ: "ಹುಳ ಪೊರೆ ಬಿಡೋ ಮುಂಚೆ ಜ್ವರಕ್ಕೆ ಕೂರುತ್ತೆ ಸಾರ್. ಆಗ ತಿನ್ನಲ್ಲ, ಅಲ್ಲಾಡಲ್ಲ. ಸತ್ತೋಯ್ತೇನೋ ಅನ್ಸುತ್ತೆ. ಪೊರೆ ಬಿಟ್ಟು ಎದ್ಮೇಲೆ ನೋಡ್ಬೇಕು."

ಆ ವರ್ಷವೇ ಒಂದು ತಪ್ಪಾಯಿತು. ಈ ಸೀಮೆಯಲ್ಲಿ ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತವೆ. ಮನೆಯವರಷ್ಟೇ ಸಾಲದು. ಅದಕ್ಕೇ ಮುಯ್ಯಾಳು: ನಿಮ್ಮ ಮನೆಯ ಕೆಲಸಕ್ಕೆ ನಾನು, ನಮ್ಮ ಮನೆಯದಕ್ಕೆ ನೀವು. ಪಕ್ಕದ ಮನೆಯ ದೊಡ್ಡತಿಮ್ಮಪ್ಪನವರು ಸೊಪ್ಪು ಹಾಕುವುದಕ್ಕೆ ಮುಯ್ಯಿ ಕರೆದಾಗ ಶ್ರಾವಣಿ ಕುಂಟುತ್ತಲೇ ಹೋದರು. ಮೊಣಕಾಲಿಗೆ ನೋವಿನ ಬಾಮು ಹಚ್ಚಿಕೊಂಡಿದ್ದರು. ಕ್ಯಾಂಪಿನಲ್ಲಿ ದಿನಾ ಹಚ್ಚಿ ಹಚ್ಚಿ ಅದರ ವಾಸನೆ ಅವರ ಮೂಗಿಗೆ ತಿಳಿಯದಂತಾಗಿತ್ತು. ಹುಳುಮನೆಗೆ ಘಾಟು ಆಗದು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಮಾರನೇ ದಿನ ಹುಳು ಮೇವು ಬಿಟ್ಟವು, ಬೆಳೆ ಕೈಬಿಟ್ಟಿತು.

"ಬಾಮಿಂದ್ಲೇ ಆಯ್ತೋ, ರೋಗ ಇತ್ತೋ, ದೇವ್ರಿಗೇ ಗೊತ್ತು" ಎನ್ನುತ್ತಾರೆ ಲಕ್ಷ್ಮಕ್ಕ. "ಆವಯ್ಯ ಒಂದು ಮಾತೂ ಬೈಲಿಲ್ಲ ಕಣಪ್ಪ. ಬೈದಿದ್ರೆ ಚೆನ್ನಾಗಿತ್ತು. ಆವತ್ತಿಂದ ಮುಯ್ಯಿಗೆ ಕರೀಲಿಲ್ಲ, ನಾವೂ ಬಾಯ್ಬಿಟ್ಟು ಕೇಳ್ಲಿಲ್ಲ."

ಈ ಸಲ ಮನೆಗೆ ಬಂದು ನಲವತ್ತೊಂದು ದಿನ. ಶ್ರಾವಣಿ ಒಂದು ಬೆರಳಿನಷ್ಟೂ ಬಾಮು ಮುಟ್ಟಿಲ್ಲ. ರಾತ್ರಿ ಉಪ್ಪಿನ ಗಂಟಿನ ಶಾಖ, ಅಷ್ಟೇ. ಆ ಕಾಲಲ್ಲೇ ಆರು ಮನೆಗೆ ಮುಯ್ಯಿ ಹೋಗಿದ್ದಾರೆ. ಯಾಕೆಂದರೆ ಅವರ ಹುಳುಗಳು ನಾಲ್ಕನೇ, ಅಂದರೆ ಕೊನೆಯ, ಜ್ವರ ಎದ್ದು ಇಂದಿಗೆ ಐದು ದಿನ. ಸರಿಯಾಗಿ ಭಾನುವಾರ ಹಣ್ಣಾಗುತ್ತವೆ. ಅದೇ ಬೆಳಿಗ್ಗೆ ಅವರು ಬಸ್ಸು ಹತ್ತಬೇಕು. ತಂದೆ ಇಲ್ಲದ ಮನೆ. ತಾಯಿಯೊಬ್ಬರನ್ನೇ ಬಿಟ್ಟು ಹೋಗುವಂತಿಲ್ಲ, ಹೋಗದೆ ಇರುವಂತೆಯೂ ಇಲ್ಲ. "ಆರು ಜನ ಬಂದ್ರೆ ರಾತ್ರಿ ಒಳಗೆ ಹೆಂಗೋ ಮುಗೀಬೋದು" ಎಂದು ಲೆಕ್ಕ ಹಾಕುತ್ತಾರೆ. ದನಿಯಲ್ಲಿ ಧೈರ್ಯ ಸಾಲದು.

ಹೊರಡುವಾಗ, ನಿಮ್ಮ ಆಸೆ ಏನು ಎಂದು ಕೇಳಿದೆ. ಭಾರತ ತಂಡದ ಮಾತು ಬರುತ್ತದೆ ಎಂದುಕೊಂಡು ಪೆನ್ನು ಹಿಡಿದಿದ್ದೆ. ಅವರು ಗೋಡೆಯಾಚೆ ನೋಡಿ, ಮೆಲ್ಲಗೆ, "ದೊಡ್ಡತಿಮ್ಮಪ್ಪಣ್ಣ ಇನ್ನೊಂದ್ಸಲ ಮುಯ್ಯಿಗೆ ಕರೀಬೇಕು ಸಾರ್" ಎಂದರು.

ಸೋಮವಾರ ಮಧ್ಯಾಹ್ನ ಫೋನು ಮಾಡಿದೆ. ಎಷ್ಟು ಸುತ್ತು ಎಂದು ಕೇಳುವುದಕ್ಕೆ ಭಯವಾಗಿ, ಮೊದಲು ಹುಳುವಿನ ಸುದ್ದಿ ಕೇಳಿದೆ.

"ಹದಿನಾಲ್ಕು ಜನ ಬಂದಿದ್ರು ಸಾರ್! ಎಲ್ರಿಗಿಂತ ಮುಂಚೆ ಬಂದಿದ್ದು ದೊಡ್ಡತಿಮ್ಮಪ್ಪಣ್ಣ. ಯಾರೂ ಕರ್ದಿರ್ಲಿಲ್ಲ. ಅವ್ರದ್ದೇ ಚಂದ್ರಿಕೆ ಹೊತ್ಕಂಡು, ಹೆಂಡ್ತೀನೂ ಕರ್ಕಂಡು ಬಂದ್ರು. ನಾನಿನ್ನೂ ಹುಳ ಆರಿಸ್ತಾ ಇದ್ದೆ. ಕೈ ಹಿಡ್ದು ಎಬ್ಸಿ, ನಡಿ, ಬಸ್ಸು ಹೋಯ್ತದೆ ಅಂದ್ರು. ಸ್ಟಾಪಿನ ತಂಕ ಬಂದ್ರು. ಬಸ್ಸು ಹತ್ತೋವಾಗ ಕೈಗೆ ಒಂದು ಪೊಟ್ಣ ಕೊಟ್ಟು, ಕಾಲು ವಾಸಿ ಮಾಡ್ಕಂಡು ಬಾ, ಮುಂದಿನ ಬೆಳೆಗೆ ನಮ್ಮನೇಗೆ ಮುಯ್ಯಿ ಬರ್ಬೇಕು ಅಂದ್ರು. ಬಿಚ್ಚಿ ನೋಡಿದ್ರೆ ಬಾಮು ಸಾರ್."

ಕೊನೆಗೆ ಧೈರ್ಯ ಮಾಡಿ, "ಓಟ ಏನಾಯ್ತಮ್ಮ?" ಎಂದೆ.

"ಮೂವತ್ತೊಂದು" ಎಂದರು ಶ್ರಾವಣಿ. "ಕಾಲು ಊದ್ಕಂಡೈತೆ. ಈಗ ಅಣ್ಣ ಕೊಟ್ಟ ಬಾಮು ಬಳ್ಕಂಡು ಕೂತಿದೀನಿ. ರೂಮೆಲ್ಲ ಘಮ್ ಅಂತೈತೆ ಸಾರ್."